ಓಡಿಸುವವರೂ ಪರೀಕ್ಷಿಸುವವರೂ

ರೈಲು ಹಳಿ ತಪ್ಪಿ ಜನ ಸತ್ತರೆ ಶಾಸನಬದ್ಧ ತನಿಖೆಗೆ ಬರುವ ಅಧಿಕಾರಿ ರೈಲ್ವೆ ಸಚಿವಾಲಯದವರಲ್ಲ. ಅವರ ಹುದ್ದೆಯ ಹೆಸರು ರೈಲ್ವೆ ಸುರಕ್ಷತಾ ಆಯುಕ್ತ. ಅವರ ಇಲಾಖೆ ಇರುವುದು ನಾಗರಿಕ ವಿಮಾನಯಾನ ಸಚಿವಾಲಯದ ಅಧೀನದಲ್ಲಿ. ಹಳಿಯ ಮೇಲಿನ ಗಾಡಿಗೂ ಆಕಾಶದ ಖಾತೆಗೂ ಏನು ನಂಟು ಎಂದು ಮೊದಲ ಸಲ ಕೇಳಿದವರಿಗೆ ಅನ್ನಿಸದೆ ಇರದು. ಬೆಂಗಳೂರಿನವರು ಈ ಹೆಸರನ್ನು ಅಪಘಾತದ ಸುದ್ದಿಗಿಂತ ಹೆಚ್ಚಾಗಿ ಮೆಟ್ರೊ ಸುದ್ದಿಯಲ್ಲಿ ಕೇಳಿದ್ದಾರೆ. ಹೊಸ ಮಾರ್ಗ ಸಿದ್ಧವಾಗಿ, ಪ್ರಾಯೋಗಿಕ ಓಡಾಟವೂ ಮುಗಿದು, ಇನ್ನೇನು ಉದ್ಘಾಟನೆ ಎನ್ನುವಾಗ ಪತ್ರಿಕೆಗಳಲ್ಲಿ ಒಂದು ಸಾಲು ಬರುತ್ತದೆ: ಸುರಕ್ಷತಾ ಆಯುಕ್ತರ ಒಪ್ಪಿಗೆ ಬಾಕಿ. ಮಂತ್ರಿಗಳ ದಿನಾಂಕ ನಿಗದಿಯಾಗಿದ್ದರೂ ಆ ಕಾಗದ ಬರದೆ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವಂತಿಲ್ಲ.

ಅದೇ ಊರಿನ ಬಸ್ಸಿನ ಮೇಲೆ ಇಂಥ ಹೊರಗಿನ ಕಣ್ಣು ಯಾವುದೂ ಇಲ್ಲ. ಸರ್ಕಾರಿ ಬಸ್ಸು ಸಾರಿಗೆ ಸಚಿವರದು, ಅದು ಓಡಲು ಯೋಗ್ಯ ಎಂಬ ಪತ್ರ (ಎಫ್‌ಸಿ) ಕೊಡುವ ಆರ್‌ಟಿಓ ಕೂಡ ಅದೇ ಸಚಿವರ ಖಾತೆಯವರು. ರೈಲು ಮತ್ತು ಬಸ್ಸು ಹೀಗೆ ಎರಡು ದಾರಿ ಹಿಡಿದದ್ದು ಯಾವಾಗ ಎಂದು ಹುಡುಕಿದರೆ ಎರಡೂ ಕಥೆಗಳು 1930ರ ದಶಕದಲ್ಲಿ, ನಾಲ್ಕಾರು ವರ್ಷಗಳ ಅಂತರದಲ್ಲಿ ಸಿಗುತ್ತವೆ.

ಭಾರತದ ಮೊದಮೊದಲ ರೈಲುಗಳು ಸರ್ಕಾರದವಲ್ಲ, ಲಂಡನ್ನಿನಲ್ಲಿ ಷೇರು ಮಾರಿದ ಕಂಪನಿಗಳವು. ಹಾಕಿದ ಬಂಡವಾಳಕ್ಕೆ ವರ್ಷಕ್ಕೆ ಶೇ 5ರಂತೆ ಬಡ್ಡಿ ಖಾತರಿ ಎಂದು ಸರ್ಕಾರ ಬರೆದುಕೊಟ್ಟಿತ್ತು. ರೈಲು ಗಳಿಸದಿದ್ದರೆ ಕೊರತೆ ತುಂಬುವುದು ಇಲ್ಲಿನ ತೆರಿಗೆದಾರರ ಬೊಕ್ಕಸದಿಂದ. ಹಣ ತನ್ನದಾದ್ದರಿಂದ ಲೆಕ್ಕ ನೋಡುವ ಹಕ್ಕೂ ತನ್ನದೆಂದು ಸರ್ಕಾರ ಸಲಹಾ ಎಂಜಿನಿಯರುಗಳನ್ನು ನೇಮಿಸಿತು. ಸೇತುವೆಯ ನಕ್ಷೆಯಿಂದ ಹಿಡಿದು ಖರ್ಚಿನ ಪಟ್ಟಿಯವರೆಗೆ ಎಲ್ಲದಕ್ಕೂ ಅವರ ರುಜು ಬೇಕು. ಮದ್ರಾಸ್ ರೈಲ್ವೆ ಕಂಪನಿ 1864ರಲ್ಲಿ ಜೋಲಾರಪೇಟೆಯಿಂದ ಬೆಂಗಳೂರು ದಂಡು ನಿಲ್ದಾಣಕ್ಕೆ ಹಳಿ ತಂದದ್ದು ಈ ಏರ್ಪಾಡಿನಲ್ಲೇ. ಕಂಪನಿಯವರಿಗೆ ಈ ಮೂಗು ತೂರಿಸುವಿಕೆ ಕಿರಿಕಿರಿ ಆಗುತ್ತಿತ್ತು, ಆದರೆ ಓಡಿಸುವವನು ಬೇರೆ, ನೋಡುವವನು ಬೇರೆ ಎಂಬುದಂತೂ ಸ್ಪಷ್ಟವಿತ್ತು.

ಮೈಸೂರು ಸಂಸ್ಥಾನದ್ದು ಸ್ವಲ್ಪ ಬೇರೆ ಹಾದಿ. 1876–78ರ ಮಹಾ ಕ್ಷಾಮದ ನೆನಪು ಇನ್ನೂ ಹಸಿಯಾಗಿದ್ದಾಗ ಬೆಂಗಳೂರು–ಮೈಸೂರು ಮೀಟರ್‌ಗೇಜ್ ಹಾದಿಯನ್ನು ಸಂಸ್ಥಾನ ತಾನೇ ಕಟ್ಟಿ 1882ರಲ್ಲಿ ಮೈಸೂರು ಮುಟ್ಟಿಸಿತು. ಸಾಲದ ಹೊರೆ ತಾಳದೆ 1886ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಒಪ್ಪಿಸಬೇಕಾಯಿತು. ಅದೆಲ್ಲ ಪೂರ್ತಿಯಾಗಿ ಸಂಸ್ಥಾನದ ಕೈಗೆ ಮರಳಿದ್ದು 1938ರಲ್ಲಿ.

1890ರ ರೈಲ್ವೆ ಕಾಯಿದೆ ಇನ್‌ಸ್ಪೆಕ್ಟರುಗಳಿಗೆ ಶಾಸನದ ಬಲ ಕೊಟ್ಟಿತು. ಹೊಸ ಹಾದಿ ತೆರೆಯುವ ಮುನ್ನ ಪರೀಕ್ಷೆ, ಅಪಘಾತವಾದರೆ ವಿಚಾರಣೆ, ಎರಡೂ ಅವರ ಕೆಲಸ. 1905ರಲ್ಲಿ ರೈಲ್ವೆ ಮಂಡಳಿ ಹುಟ್ಟಿದಾಗ ಇವರನ್ನು ಅದರ ಕೆಳಗೆ ಕೂರಿಸಿದರು. ಆಗಿನ ಮಟ್ಟಿಗೆ ಅದು ತೀರಾ ಅನ್ಯಾಯವೇನಲ್ಲ, ಏಕೆಂದರೆ ದೊಡ್ಡ ರೈಲುಗಳನ್ನು ಇನ್ನೂ ಕಂಪನಿಗಳೇ ನಡೆಸುತ್ತಿದ್ದವು. ಆದರೆ ರೈಲ್ವೆ ಆಡಳಿತವನ್ನು ಪರಿಶೀಲಿಸಿದ ಆಕ್ವರ್ತ್ ಸಮಿತಿಯ ಮಾತಿಗೆ ಓಗೊಟ್ಟು 1925ರಲ್ಲಿ ಈಸ್ಟ್ ಇಂಡಿಯನ್ ಮತ್ತು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲುಗಳನ್ನು ಸರ್ಕಾರ ತಾನೇ ನಡೆಸತೊಡಗಿದ ಮೇಲೆ ಸ್ಥಿತಿ ತಲೆಕೆಳಗಾಯಿತು. ಅಡುಗೆ ಭಟ್ಟರೇ ಸಾರಿನ ರುಚಿ ನೋಡಿ ತಾವೇ ಭೇಷ್ ಎಂದಂತೆ, ರೈಲು ಓಡಿಸುವ ಮಂಡಳಿಯೇ ರೈಲಿನ ತಪ್ಪನ್ನೂ ಹುಡುಕಬೇಕಿತ್ತು.

1937ರ ಜುಲೈ 17ರಂದು ಪಟ್ನಾ ಬಳಿಯ ಬಿಹ್ಟಾದಲ್ಲಿ ಹೌರಾ ಕಡೆಗೆ ಹೋಗುತ್ತಿದ್ದ ಎಕ್ಸ್‌ಪ್ರೆಸ್ ಹಳಿ ತಪ್ಪಿ ನೂರಕ್ಕೂ ಹೆಚ್ಚು ಜನ ಸತ್ತರು. ಅನುಮಾನ ಹೋದದ್ದು ಎಂಜಿನ್ನಿನ ಮೇಲೆ. ‘ಎಕ್ಸ್‌ಬಿ’ ಎಂಬ ಪೆಸಿಫಿಕ್ ಮಾದರಿಯ ಆ ಎಂಜಿನ್ನುಗಳು ವೇಗದಲ್ಲಿ ಅತ್ತಿತ್ತ ಹೊಯ್ದಾಡಿ ಹಳಿಯನ್ನೇ ಸೊಟ್ಟಗೆ ಮಾಡುತ್ತವೆ ಎಂಬ ದೂರು ಮೊದಲೇ ಇತ್ತು. ಸಾಕಷ್ಟು ಪರೀಕ್ಷಿಸದೆ ರಾಶಿಗಟ್ಟಲೆ ತರಿಸಿದ್ದರು ಎಂಬ ಟೀಕೆಯೂ ಎದ್ದಿತು. ತರಿಸಿದವರು ಯಾರೋ, ಇನ್‌ಸ್ಪೆಕ್ಟರುಗಳ ಮೇಲಧಿಕಾರಿಗಳೂ ಅವರೇ ಎಂಬಲ್ಲಿ ಪ್ರಶ್ನೆ ಮೊನಚಾಯಿತು.

ಬ್ರಿಟನ್ನಿನ ಮುಖ್ಯ ರೈಲ್ವೆ ಪರೀಕ್ಷಣಾಧಿಕಾರಿ ಲೆಫ್ಟಿನೆಂಟ್ ಕರ್ನಲ್ ಎ.ಎಚ್.ಎಲ್. ಮೌಂಟ್ ಅವರ ಮುಂದಾಳುತನದ ತಜ್ಞರ ಸಮಿತಿ ಈ ಎಂಜಿನ್ನುಗಳನ್ನು ಪರೀಕ್ಷಿಸಲು ಬಂತು. ಅದು 1939ರಲ್ಲಿ ಎಂಜಿನ್ನಿನ ಜೊತೆಗೆ ಆಡಳಿತದ ದೋಷವನ್ನೂ ಎತ್ತಿ ತೋರಿಸಿತು: ಪರೀಕ್ಷಕರು ಮಂಡಳಿಯ ಅಧೀನದಲ್ಲಿ ಇರಕೂಡದು. 1935ರ ಭಾರತ ಸರ್ಕಾರ ಕಾಯಿದೆಯಲ್ಲಿಯೇ ಈ ತತ್ತ್ವ ಅಡಗಿತ್ತು, ಜಾರಿಗೆ ಬಂದಿರಲಿಲ್ಲ. ಕೊನೆಗೆ 1941ರ ಮೇ ತಿಂಗಳಲ್ಲಿ ಇನ್‌ಸ್ಪೆಕ್ಟರುಗಳನ್ನು ಬಿಡಿಸಿ ಅಂಚೆ ಮತ್ತು ವಾಯುಯಾನ ಇಲಾಖೆಗೆ ಸೇರಿಸಿದರು. ವಾಯುಯಾನ ಎತ್ತ ಹೋಯಿತೋ ಇವರೂ ಅತ್ತ ಹೋದರು. 1961ರಲ್ಲಿ ರೈಲ್ವೆ ಸುರಕ್ಷತಾ ಆಯೋಗ ಎಂಬ ಹೆಸರು ಬಂತು.

ಖಾತೆ ಬೇರೆಯಾದ ಮಾತ್ರಕ್ಕೆ ಜನ ನಂಬುತ್ತಾರೆ ಎಂದೇನಿಲ್ಲ. 1988ರ ಜುಲೈ 8ರಂದು ಬೆಂಗಳೂರಿನಿಂದ ಹೊರಟಿದ್ದ ಐಲ್ಯಾಂಡ್ ಎಕ್ಸ್‌ಪ್ರೆಸ್ ಕೊಲ್ಲಂ ಹತ್ತಿರದ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಹಿನ್ನೀರಿಗೆ ಬಿದ್ದು 105 ಜನ ಸತ್ತಾಗ, ಆಯುಕ್ತರ ವರದಿ ಸುಂಟರಗಾಳಿಯತ್ತ ಬೆರಳು ತೋರಿಸಿತು. ಕೇರಳದಲ್ಲಿ ಇವತ್ತಿಗೂ ಆ ಗಾಳಿಯ ಮಾತು ತೆಗೆದರೆ ಜನ ನಗುತ್ತಾರೆ. ಆಯುಕ್ತರಾಗಿ ಬರುವವರು ರೈಲ್ವೆಯಲ್ಲೇ ದುಡಿದ ಎಂಜಿನಿಯರುಗಳು. ಅವರು ಶಿಫಾರಸು ಮಾಡಬಲ್ಲರು, ಜಾರಿ ಮಾಡಿಸಲಾರರು. ಶಾಸನದ ಅಧಿಕಾರವುಳ್ಳ ಪ್ರತ್ಯೇಕ ಸುರಕ್ಷತಾ ಪ್ರಾಧಿಕಾರ ಬೇಕೆಂದು ರೈಲು ಸುರಕ್ಷತೆ ಕುರಿತ ಅನಿಲ್ ಕಾಕೋಡ್ಕರ್ ಸಮಿತಿ 2012ರಲ್ಲಿ ಬರೆದದ್ದು ಕಾಗದದಲ್ಲೇ ಉಳಿಯಿತು. ಆದರೂ ಬಾಗಿಲ ಹೊರಗೆ ನಿಂತು ನೋಡುವ ಒಬ್ಬ ಅಧಿಕಾರಿ ರೈಲಿಗೆ ಇದ್ದಾನೆ. ಬಸ್ಸಿಗೆ ಅವನೂ ಇಲ್ಲ.

ಬಸ್ಸಿನ ಮೇಲೆ ಸರ್ಕಾರದ ಹಿಡಿತ ಬಿಗಿಯಾದದ್ದು ಬಸ್ಸಿಗಾಗಿ ಅಲ್ಲ, ರೈಲಿಗಾಗಿ. 1914ರ ಮೋಟಾರು ವಾಹನ ಕಾಯಿದೆ ನೋಂದಣಿ, ಡ್ರೈವರ್ ಲೈಸೆನ್ಸುಗಳ ಆಚೆಗೆ ಹೆಚ್ಚು ತಲೆ ಹಾಕಿರಲಿಲ್ಲ. ಮೊದಲ ಮಹಾಯುದ್ಧ ಮುಗಿದ ಮೇಲೆ ಒಂದು ಬಸ್ಸು ಕೊಂಡು ರೈಲು ಹಾದಿಯ ಪಕ್ಕದಲ್ಲೇ ಓಡಿಸುವವರು ಊರೂರಿನಲ್ಲಿ ಹುಟ್ಟಿಕೊಂಡರು. ಕೈ ಅಡ್ಡ ಹಿಡಿದರೆ ನಿಲ್ಲುವ, ಮನೆ ಬಾಗಿಲಲ್ಲೇ ಇಳಿಸುವ ಬಸ್ಸಿನೆದುರು ಸ್ಟೇಷನ್ನಿನವರೆಗೆ ನಡೆಯಬೇಕಾದ ರೈಲು ಸೋಲತೊಡಗಿತು. ಆರ್ಥಿಕ ಕುಸಿತದ ಹೊತ್ತಿನಲ್ಲಿ ಮಿಚೆಲ್ ಮತ್ತು ಕರ್ಕ್‌ನೆಸ್ ಎಂಬ ಇಬ್ಬರು ಅಧಿಕಾರಿಗಳು ಲೆಕ್ಕ ಹಾಕಿ, ಬಸ್ಸಿನಿಂದ ರೈಲಿಗೆ ವರ್ಷಕ್ಕೆ ಸುಮಾರು 1.9 ಕೋಟಿ ರೂಪಾಯಿ ಖೋತಾ ಎಂದು ವರದಿ ಕೊಟ್ಟರು. 1933ರಲ್ಲಿ ಶಿಮ್ಲಾದಲ್ಲಿ ರಸ್ತೆ–ರೈಲು ಸಮ್ಮೇಳನವೇ ನಡೆಯಿತು.

ಇದರ ಫಲ 1939ರ ಮೋಟಾರು ವಾಹನ ಕಾಯಿದೆ. ಇನ್ನು ಮುಂದೆ ಬಸ್ಸಿದ್ದರೆ ಸಾಲದು, ಪರ್ಮಿಟ್ ಬೇಕು. ಯಾವ ರೂಟು, ದಿನಕ್ಕೆ ಎಷ್ಟು ಟ್ರಿಪ್ಪು, ಎಷ್ಟು ಗಂಟೆಗೆ ಎಲ್ಲಿಂದ ಬಿಡಬೇಕು ಎಂಬುದನ್ನೆಲ್ಲ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ ನಿರ್ಧರಿಸಬೇಕು. ರಸ್ತೆ ಸಾರಿಗೆಯನ್ನು ರೈಲಿನೊಂದಿಗೆ ಹೊಂದಿಸುವ ಅಗತ್ಯವನ್ನು ಕಾಯಿದೆಯ 43ನೇ ಕಲಮು ನೇರವಾಗಿ ಹೇಳಿತು. ಮರುಕಲಮಿನಲ್ಲಿ ಇನ್ನೊಂದು ಸೊಗಸಾದ ನಿಯಮವಿತ್ತು: ಯಾವುದೇ ಸಾರಿಗೆ ಉದ್ಯಮದಲ್ಲಿ ಧಣಿಯಾಗಿಯಾಗಲಿ ನೌಕರನಾಗಿಯಾಗಲಿ ಹಣದ ಹಿತಾಸಕ್ತಿ ಇರುವವರು ಈ ಪ್ರಾಧಿಕಾರದಲ್ಲಿ ಕೂರುವಂತಿಲ್ಲ. ಸರ್ಕಾರವೇ ಧಣಿಯಾದರೆ ಏನು ಎಂಬ ಪ್ರಶ್ನೆ ಆಗಿನ್ನೂ ಬಂದಿರಲಿಲ್ಲ.

ಅದು ಬಂದದ್ದು ಸ್ವಾತಂತ್ರ್ಯದ ನಂತರ. 1948ರ ಸೆಪ್ಟೆಂಬರ್ 12ರಂದು ಮೈಸೂರು ಸರ್ಕಾರದ ರಸ್ತೆ ಸಾರಿಗೆ ಇಲಾಖೆ 120 ಬಸ್ಸುಗಳೊಂದಿಗೆ ಶುರುವಾಯಿತು. 1956ರಲ್ಲಿ ಕೇಂದ್ರ ಕಾಯಿದೆಗೆ ಹೊಸ ಅಧ್ಯಾಯ ಸೇರಿ, ಸರ್ಕಾರಿ ಸಾರಿಗೆ ಸಂಸ್ಥೆ ಒಂದು ‘ಸ್ಕೀಮ್’ ಪ್ರಕಟಿಸಿ ಇಡೀ ರೂಟುಗಳನ್ನು ತನ್ನದಾಗಿಸಿಕೊಳ್ಳಲು ಅನುವಾಯಿತು. ಖಾಸಗಿಯವರ ತಕರಾರು ಕೇಳಿ ತೀರ್ಮಾನಿಸುವುದೂ ರಾಜ್ಯ ಸರ್ಕಾರವೇ.

ಆಂಧ್ರದ ಮಾಲೀಕರೊಬ್ಬರು ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. ಸಾರಿಗೆ ಇಲಾಖೆಯ ಕಾರ್ಯದರ್ಶಿಯೇ ತಕರಾರು ಕೇಳಿದ್ದು ತನ್ನ ವ್ಯಾಜ್ಯಕ್ಕೆ ತಾನೇ ನ್ಯಾಯಾಧೀಶನಾದಂತೆ ಎಂದು ಕೋರ್ಟು ಆ ಆದೇಶವನ್ನು ತಳ್ಳಿಹಾಕಿತು. ಮತ್ತೆ ಮುಖ್ಯಮಂತ್ರಿ ಕೇಳಿದಾಗ ಮಾತ್ರ ಒಪ್ಪಿತು: ಕಾರ್ಯದರ್ಶಿ ಇಲಾಖೆಯ ಅಂಗ, ಮಂತ್ರಿ ಹಾಗಲ್ಲ ಎಂಬುದು ತರ್ಕ. ವಕೀಲರಿಗೆ ಈ ವ್ಯತ್ಯಾಸ ರುಚಿಸಬಹುದು. ರೂಟು ಕಳೆದುಕೊಂಡ ಬಸ್ಸಿನ ಮಾಲೀಕನಿಗೆ ಅದು ಕೂದಲು ಸೀಳಿದಂತೆ ಕಂಡಿದ್ದರೆ ತಪ್ಪಿಲ್ಲ. ಆನೇಕಲ್ ಭಾಗದ ಸ್ಕೀಮಿನ ವಿಷಯದಲ್ಲಿ ಮೈಸೂರಿನಿಂದ ಹೋದ ನಾರಾಯಣಪ್ಪ ಪ್ರಕರಣದಲ್ಲೂ 1960ರಲ್ಲಿ ಗೆದ್ದದ್ದು ಸರ್ಕಾರವೇ. ಮರುವರ್ಷ ಆಗಸ್ಟ್ 1ರಂದು ಇಲಾಖೆ ನಿಗಮವಾಯಿತು, 1973ರಲ್ಲಿ ರಾಜ್ಯದ ಹೆಸರಿನೊಂದಿಗೆ ಅದರ ಹೆಸರೂ ಬದಲಾಗಿ ಕೆಎಸ್‌ಆರ್‌ಟಿಸಿ ಎನಿಸಿತು.

ಕರಾವಳಿಗೆ ಈ ಅಲೆ ಅಷ್ಟಾಗಿ ತಟ್ಟಲಿಲ್ಲ. 1956ರವರೆಗೆ ಮದ್ರಾಸ್ ಆಡಳಿತದಲ್ಲಿದ್ದ ದಕ್ಷಿಣ ಕನ್ನಡದಲ್ಲಿ ಖಾಸಗಿ ಬಸ್ಸುಗಳು ಆಗಲೇ ಬೇರು ಬಿಟ್ಟಿದ್ದವು. ಮಂಗಳೂರು ಸಿಟಿ ಬಸ್ಸು ಎಂದರೆ ಇವತ್ತಿಗೂ ಮುಖ್ಯವಾಗಿ ಖಾಸಗಿ ಬಸ್ಸೇ. ಮಲೆನಾಡಿನ ಕೊಪ್ಪದಲ್ಲಿ ಶಂಕರ್ ಬಸ್ ಕಂಪನಿ ಮುಚ್ಚಿದಾಗ ಅದರ ಕಾರ್ಮಿಕರೇ 1991ರಲ್ಲಿ ‘ಸಹಕಾರ ಸಾರಿಗೆ’ ಕಟ್ಟಿಕೊಂಡು ಮೂರು ದಶಕದ ಹತ್ತಿರ ನಡೆಸಿದರು. 2020ರಲ್ಲಿ ಆ ಬಸ್ಸುಗಳು ನಿಂತವು.

ಉಳಿದೆಡೆ ಖಾಸಗಿಯವರು ಕಂಡುಕೊಂಡ ಸಂದು ‘ಕಾಂಟ್ರ್ಯಾಕ್ಟ್ ಕ್ಯಾರೇಜ್’ ಪರ್ಮಿಟ್. ಮದುವೆ ದಿಬ್ಬಣಕ್ಕೋ ಪ್ರವಾಸಕ್ಕೋ ಇಡೀ ಬಸ್ಸು ಬಾಡಿಗೆಗೆ ಕೊಡುವ ಪರ್ಮಿಟ್ ಅದು. ಅದನ್ನಿಟ್ಟುಕೊಂಡು ಒಬ್ಬೊಬ್ಬರಿಗೆ ಟಿಕೆಟ್ ಹರಿಯುತ್ತಾರೆ ಎಂಬುದು ನಿಗಮದ ದೂರು. ತುರ್ತು ಪರಿಸ್ಥಿತಿಯ ನಡುವೆ, 1976ರ ಜನವರಿಯಲ್ಲಿ, ದೇವರಾಜ ಅರಸು ಸರ್ಕಾರ ಸುಗ್ರೀವಾಜ್ಞೆ ಹೊರಡಿಸಿ ಆ ಬಸ್ಸುಗಳನ್ನೇ ಸ್ವಾಧೀನಕ್ಕೆ ತೆಗೆದುಕೊಂಡು ನಿಗಮಕ್ಕೆ ಒಪ್ಪಿಸಿತು. ಹೈಕೋರ್ಟು ಆ ಕಾನೂನನ್ನು ಹೊಡೆದುಹಾಕಿತು, 1977ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ಎತ್ತಿಹಿಡಿಯಿತು.

ಬಸ್ಸಿನ ಈ ಜಗಳ ನಂತರ ದೇಶದ ಆಸ್ತಿ ಹಕ್ಕಿನ ಚರ್ಚೆಯ ನಡುಮನೆಗೆ ಬಂದದ್ದು ಕುತೂಹಲಕರ. ಮೂವರು ನ್ಯಾಯಮೂರ್ತಿಗಳ ಪರವಾಗಿ ಬರೆದ ವಿ.ಆರ್. ಕೃಷ್ಣ ಅಯ್ಯರ್, ಸಂವಿಧಾನದ 39(ಬಿ) ವಿಧಿ ಹೇಳುವ ‘ಸಮುದಾಯದ ಭೌತಿಕ ಸಂಪನ್ಮೂಲ’ದಲ್ಲಿ ಖಾಸಗಿ ಆಸ್ತಿಯೂ ಸೇರುತ್ತದೆ ಎಂದರು. ಉಳಿದ ನಾಲ್ವರು ತೀರ್ಪನ್ನು ಒಪ್ಪಿದರೂ ಆ ಮಾತಿಗೆ ತಮ್ಮ ಸಹಿ ಇಲ್ಲವೆಂದರು. ಅಲ್ಪಮತದ ಆ ಮಾತೇ ಮುಂದಿನ ತೀರ್ಪುಗಳಲ್ಲಿ ಬೆಳೆಯಿತು. ಎಲ್ಲ ಖಾಸಗಿ ಆಸ್ತಿಯೂ ಸಮುದಾಯದ ಸಂಪನ್ಮೂಲವಾಗದು ಎಂದು ಒಂಬತ್ತು ನ್ಯಾಯಮೂರ್ತಿಗಳ ಪೀಠದ ಬಹುಮತ ಹೇಳಿ ಅದನ್ನು ಬದಿಗೆ ಸರಿಸಿದ್ದು 2024ರ ನವೆಂಬರ್ 5ರಂದು.

ಅಷ್ಟರಲ್ಲಿ ಕರ್ನಾಟಕವೇ 1976ರ ಕಾನೂನನ್ನು 2003ರಲ್ಲಿ ರದ್ದು ಮಾಡಿತ್ತು. ರಾತ್ರಿ ಎಂಟರ ನಂತರ ಬೆಂಗಳೂರಿನ ಆನಂದರಾವ್ ಸರ್ಕಲ್ಲಿನಲ್ಲಿ ಸಾಲುಗಟ್ಟುವ ಸ್ಲೀಪರ್ ಬಸ್ಸುಗಳು ಆ ರದ್ದತಿಯ ನಂತರದ ಲೋಕ. ಒಬ್ಬೊಬ್ಬರಿಗೆ ಟಿಕೆಟ್ ಮಾರುವ ಹಳೆಯ ತಂಟೆ ಹಾಗೆಯೇ ಇದೆ, ಮಾರುವುದು ಈಗ ಮೊಬೈಲಿನಲ್ಲಿ. 2013ರ ಅಕ್ಟೋಬರ್ 30ರಂದು ಬೆಂಗಳೂರು–ಹೈದರಾಬಾದ್ ವೋಲ್ವೊ ಬಸ್ಸು ಪಾಲೆಂ ಬಳಿ ಹೊತ್ತಿ ಉರಿದು 45 ಜನ ಸತ್ತರು. ಸುಮಾರು ಎರಡು ವಾರಗಳ ಬಳಿಕ ಹಾವೇರಿ ಬಳಿ ಇನ್ನೊಂದು ಬಸ್ಸು ಉರಿದು ಏಳು ಜನ ಸತ್ತರು. ಬಿಹ್ಟಾದಲ್ಲಿ ಆದಂತೆ ವಾಹನದ ವಿನ್ಯಾಸ, ಅದನ್ನು ಒಪ್ಪಿದವರು, ಪರೀಕ್ಷಿಸಿದವರು ಎಲ್ಲರನ್ನೂ ಒಟ್ಟಿಗೆ ಪ್ರಶ್ನಿಸಬಲ್ಲ ಹೊರಗಿನ ಕಾಯಂ ತನಿಖಾಧಿಕಾರಿ ಬಸ್ಸಿಗೆ ಇರಲಿಲ್ಲ. ತನಿಖೆಯ ಹೊಣೆ ಪೊಲೀಸರ ಮತ್ತು ಸಾರಿಗೆ ಇಲಾಖೆಗಳ ಪಾಲಿಗೆ ಬಂತು.

2003ರ ರದ್ದತಿಯ ಮೇಲಿನ ಜಗಳ ಸುಪ್ರೀಂ ಕೋರ್ಟಿನಲ್ಲಿ ಬಗೆಹರಿದದ್ದು 2025ರಲ್ಲಿ. ರದ್ದತಿ ಸರಿ ಎಂದ ಕೋರ್ಟು, ಕಾಂಟ್ರ್ಯಾಕ್ಟ್ ಕ್ಯಾರೇಜ್‌ನಂಥ ಪರ್ಮಿಟ್ ಕೊಡುವ ಅಧಿಕಾರವನ್ನು ಪ್ರಾಧಿಕಾರ ತನ್ನ ಕಾರ್ಯದರ್ಶಿಗೆ ವಹಿಸುವುದಕ್ಕೂ ಅಡ್ಡಿಯಿಲ್ಲ ಎಂದಿತು. ಜಿಲ್ಲೆಯಲ್ಲಿ ಆ ಕಾರ್ಯದರ್ಶಿ ಎಂದರೆ ಆರ್‌ಟಿಓ.