ಸಂಸ್ಥಾನಗಳ ಗಡಿ ಮತ್ತು ಕೈದಿಗಳ ಹಸ್ತಾಂತರ

ನಮ್ಮ ಶಾಲೆ ಆರಂಭವಾದ ದಿನಗಳಲ್ಲಿ ಈ ಸೀಮೆ ಒಂದೇ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ಸೊಲ್ಲಾಪುರ ಮುಂಬಯಿ ಪ್ರಾಂತಕ್ಕೆ ಸೇರಿತ್ತು. ಅಕ್ಕಲಕೋಟೆ, ಜತ್ತಗಳು ಪ್ರತ್ಯೇಕ ಸಂಸ್ಥಾನಗಳಾಗಿದ್ದವು. ಮೂಡಣದ ಕಲಬುರ್ಗಿ ನಿಜಾಮರ ಅಧೀನದಲ್ಲಿತ್ತು. ಗಡಿಯ ಆಚೆಗೂ ಈಚೆಗೂ ಕನ್ನಡವೇ ಕೇಳಿಬರುತ್ತಿದ್ದರೂ ಗಡಿ ದಾಟಿದೊಡನೆ ನ್ಯಾಯಾಲಯ ಬೇರೆಯಾಗುತ್ತಿತ್ತು.

ಅಪರಾಧವೆಸಗಿ ಗಡಿ ದಾಟಿದವನನ್ನು ಒಪ್ಪಿಸುವ ಬಗೆ ಹೇಗೆ? ಇದಕ್ಕಾಗಿ 1867ರಲ್ಲಿ ಬ್ರಿಟಿಷ್ ಸರಕಾರಕ್ಕೂ ನಿಜಾಮ ಸರಕಾರಕ್ಕೂ ಒಪ್ಪಂದವಾಯಿತು. ಮುಂದೆ 1903ರಲ್ಲಿ ಭಾರತೀಯ ಹಸ್ತಾಂತರ ಕಾಯಿದೆ ಬಂದಿತು. ಅದರ ಅಡಿಯಲ್ಲಿ ರಚಿತವಾದ ನಿಯಮಗಳನ್ನು ಓದಿದರೆ ಅಧಿಕಾರಿಗಳ ಅಳುಕು ನಮಗೆ ಸ್ಪಷ್ಟವಾಗುತ್ತದೆ. ವಾರಂಟು ಹೊರಡಿಸುವ ಮೊದಲು ಮೇಲ್ನೋಟಕ್ಕೆ ಆರೋಪದಲ್ಲಿ ಹುರುಳಿದೆಯೇ ಎಂದು ಪೊಲಿಟಿಕಲ್ ಏಜೆಂಟರು ಪರಿಶೀಲಿಸಬೇಕಾಗಿತ್ತು. ಒಪ್ಪಿಸಿದ ಮೇಲೂ ಅವರ ಹೊಣೆ ಮುಗಿಯುತ್ತಿರಲಿಲ್ಲ. ಸಂಸ್ಥಾನದ ನ್ಯಾಯಾಲಯದಲ್ಲಿ ವಿಚಾರಣೆ ನ್ಯಾಯಸಮ್ಮತವಾಗಿ ನಡೆಯುವುದೇ, ವಿಧಿಸಿದ ಶಿಕ್ಷೆ ಮಿತಿಮೀರಿದ್ದೋ ಕ್ರೂರವೋ ಎಂಬುದನ್ನು ಅವರು ನೋಡಬೇಕಿತ್ತು. ಸಮಾಧಾನವಾಗದಿದ್ದರೆ ಕೈದಿಯನ್ನು ಮರಳಿ ತಮ್ಮ ವಶಕ್ಕೆ ಕೇಳಬೇಕಿತ್ತು.

ಈ ಕಾಳಜಿಯನ್ನು ನಾವು ಹಗುರಾಗಿ ಕಾಣಲಾಗದು. ಪರರ ಕೈಗೆ ಒಪ್ಪಿಸಿದ ಮನುಷ್ಯನ ಗತಿಗೆ ಒಪ್ಪಿಸಿದವನೂ ಬಾಧ್ಯನೆಂಬ ತತ್ತ್ವ ಅದರಲ್ಲಿದೆ. ಆದರೆ ಆ ತಕ್ಕಡಿ ಸಮವಾಗಿರಲಿಲ್ಲ. ಸಂಸ್ಥಾನದ ನೆಲದಲ್ಲಿ ಯುರೋಪಿಯನ್ ಬ್ರಿಟಿಷ್ ಪ್ರಜೆಯೊಬ್ಬ ಅಪರಾಧ ಮಾಡಿದರೂ ಅವನ ವಿಚಾರಣೆಯನ್ನು ಬ್ರಿಟಿಷ್ ಅಧಿಕಾರಿಗಳೇ ತಮ್ಮ ಕೈಯಲ್ಲಿ ಇರಿಸಿಕೊಂಡಿದ್ದರು. ಸಂಸ್ಥಾನದ ಪ್ರಜೆಯನ್ನು ಹಿಡಿಯುವಾಗಲಂತೂ ಆ ಎಚ್ಚರ ಸದಾ ಇರುತ್ತಿರಲಿಲ್ಲ.

ಇದಕ್ಕೆ ನಿದರ್ಶನ ವಾಡಿಯಿಂದ ಹೈದರಾಬಾದಿಗೆ ಹೋಗುವ ರೈಲುದಾರಿಯಲ್ಲೇ ಇದೆ. 1895ರಲ್ಲಿ ಶಂಕರಪಲ್ಲಿ ನಿಲ್ದಾಣದಲ್ಲಿ ನಿಜಾಮರ ಪ್ರಜೆಯಾದ ಮುಹಮ್ಮದ್ ಯೂಸುಫುದ್ದೀನ್ ಎಂಬವರನ್ನು ದೂರದ ಸಿಮ್ಲಾದ ಮ್ಯಾಜಿಸ್ಟ್ರೇಟರ ವಾರಂಟಿನ ಮೇಲೆ ಬಂಧಿಸಲಾಯಿತು. ರೈಲುದಾರಿಯ ಮೇಲಿನ ಅಧಿಕಾರವನ್ನು ನಿಜಾಮರು ಬಿಟ್ಟುಕೊಟ್ಟಿದ್ದಾರಲ್ಲವೇ ಎಂಬುದು ಸರಕಾರದ ವಾದ. ಲಂಡನ್ನಿನ ಪ್ರಿವಿ ಕೌನ್ಸಿಲ್ 1897ರಲ್ಲಿ ಅದನ್ನು ಒಪ್ಪಲಿಲ್ಲ. ಬಿಟ್ಟುಕೊಟ್ಟದ್ದು ರೈಲ್ವೆಗೆ ಸಂಬಂಧಿಸಿದ ಅಧಿಕಾರವನ್ನು ಮಾತ್ರ. ಬೇರೆಡೆಯ ಆರೋಪಕ್ಕಾಗಿ ಅಲ್ಲಿ ಹಿಡಿದದ್ದು ಕಾನೂನುಬಾಹಿರವೆಂದು ತೀರ್ಪಿತ್ತಿತು. ಸಾಮ್ರಾಜ್ಯದ ಅತ್ಯುನ್ನತ ಪೀಠವೇ ಸಾಮ್ರಾಜ್ಯದ ಅಧಿಕಾರಿಗಳ ಕೈ ತಡೆದಿತ್ತು.

ಆ ಸಂಸ್ಥಾನಗಳು ಇಂದಿಲ್ಲ. ಅವುಗಳ ಗಡಿಗಲ್ಲುಗಳಿಗೂ ಅರ್ಥ ಉಳಿದಿಲ್ಲ. ಆದರೂ ಗಡಿಯಲ್ಲಿ ಬಾಳುವ ನಮಗೆ ಈ ಚರಿತ್ರೆ ಹೊರಗಿನದಲ್ಲ. ಪರರ ನ್ಯಾಯವನ್ನು ಅಳೆಯಲು ಹಿಡಿದ ಕೋಲಿನಿಂದಲೇ ತನ್ನ ನ್ಯಾಯವನ್ನೂ ಅಳೆದುಕೊಳ್ಳುವ ಆಡಳಿತದಲ್ಲಿ ಮಾತ್ರ ಗಡಿಯ ಮನುಷ್ಯ ನಿರ್ಭಯನಾಗಿ ಬದುಕಬಲ್ಲ. ನೂರು ವರ್ಷ ತುಂಬಿದ ಈ ಶಾಲೆಯ ಮಕ್ಕಳು ಚರಿತ್ರೆಯಿಂದ ಕಲಿಯಬೇಕಾದ ಪಾಠಗಳಲ್ಲಿ ಇದೂ ಒಂದೆಂದು ನಾವು ನಂಬಿದ್ದೇವೆ.