ಚಿಲುಮಿಯ ನೀರು

ಕುಷ್ಟಗಿ, ಯಲಬುರ್ಗಾ ಕಡೆಯ ಎರಿಹೊಲಗಳಲ್ಲಿ ನನ್ನ ಅಜ್ಜನ ಕಾಲದವರು ಸೇದುತ್ತಿದ್ದ ಚಿಲುಮಿ ಗೇಣಿಗಿಂತ ಗಿಡ್ಡನೆಯ ಮಣ್ಣಿನ ಕೊಳವೆ. ಮೇಲೆ ಅಗಲ, ಕೆಳಗೆ ಸಣ್ಣ. ಎಲ್ಲೂ ಬಾಗಿಲ್ಲ. ಮೇಲೆ ತಂಬಾಕು, ಅದರ ಮೇಲೆ ಕೆಂಡ, ಕೆಳತುದಿಗೆ ಬಾಯಿ. ಈ ಆಕಾರದಲ್ಲೇ ಒಂದು ತೊಂದರೆ ಅಡಗಿದೆ. ತಂಬಾಕು ಎಷ್ಟೇ ಒಣಗಿದ್ದರೂ ಒಳಗೆ ನೀರಿನ ಅಂಶ ಉಳಿದಿರುತ್ತದೆ. ಸುಡುವಾಗ ಇನ್ನಷ್ಟು ನೀರು ಹುಟ್ಟುತ್ತದೆ. ಆ ಆವಿ ಕೊಳವೆಯಲ್ಲಿ ಇಳಿಯುತ್ತ ತಣ್ಣಗಾಗಿ ಹನಿಗಟ್ಟುತ್ತದೆ. ಹೊಗೆಯ ಜಿಗುಟು ಅದಕ್ಕೆ ಕೂಡಿ ಕಂದುಬಣ್ಣದ ಕಹಿರಸವಾಗುತ್ತದೆ. ಹಳೆಯ ಸಿನಿಮಾಗಳಲ್ಲಿ ದೊರೆಗಳ ಬಾಯಲ್ಲಿ ಕಾಣುವ ಬಾಗಿದ ಪೈಪಿನಲ್ಲಾದರೆ ಆ ರಸ ತಳದಲ್ಲಿ ನಿಂತು ಗುಳುಗುಳು ಎನ್ನುತ್ತದೆ. ನಮ್ಮ ಚಿಲುಮಿಯಲ್ಲಿ ಅದು ನೇರ ನಾಲಿಗೆಗೇ ಇಳಿಯಬೇಕು. ಹಾಗೆ ಇಳಿಯದಂತೆ ನಮ್ಮವರು ನೋಡಿಕೊಂಡರು. ಹೇಗೆ ಎಂಬುದನ್ನು ಯಾರೂ ಬರೆದಿಡಲಿಲ್ಲ. ಬರೆದಿಟ್ಟವರು ಅರಮನೆಯ ಕಡೆಯವರು. ಅವರು ಬರೆದದ್ದು ಅರಮನೆಯ ಕೊಳವೆಯ ಬಗ್ಗೆ.

ಆ ಬರಹವೂ ನಮ್ಮ ಸೀಮೆಗೆ ಸೇರಿದ್ದೇ. 1565ರ ರಕ್ಕಸಗಿ-ತಂಗಡಗಿ ಯುದ್ಧದ ನಂತರ ತುಂಗಭದ್ರಾ-ಕೃಷ್ಣಾ ನಡುವಿನ ನಮ್ಮ ನಾಡು ವಿಜಾಪುರದ ಆದಿಲಶಾಹಿಗಳ ಕೈಗೆ ಹೋಯಿತು. ಅಕ್ಬರನ ದೂತ ಅಸದ್ ಬೇಗ್, ರಾಜಕುಮಾರ ದಾನಿಯಾಲನ ಮದುವೆಯ ಸಂಬಂಧ ಇಬ್ರಾಹಿಂ ಆದಿಲಶಹನ ಆಸ್ಥಾನಕ್ಕೆ ಬಂದಿದ್ದ. ಅಲ್ಲಿ ಅವನು ಮೊದಲ ಸಲ ತಂಬಾಕು ಕಂಡ. ಪೋರ್ಚುಗೀಸರು ಅಮೆರಿಕದಿಂದ ತಂದ ಗಿಡ ಅಷ್ಟರಲ್ಲಾಗಲೇ ವಿಜಾಪುರದ ಪೇಟೆ ಸೇರಿತ್ತು. 1604ರ ಸುಮಾರಿಗೆ ಅವನು ಅದನ್ನು ಆಗ್ರಾಕ್ಕೆ ಒಯ್ದ. ಜೊತೆಗೆ ಒಯ್ದ ಕೊಳವೆಯನ್ನು ಅವನು ಬಣ್ಣಿಸುವ ರೀತಿ ನನಗೆ ಬಹಳ ಇಷ್ಟ: ಸುಮಾತ್ರಾದಿಂದ ಬಂದ ಮೂರು ಮೊಳದ ನಳಿಕೆ, ಚೆನ್ನಾಗಿ ಒಣಗಿಸಿ ಬಣ್ಣ ಕಟ್ಟಿದ್ದು, ಎರಡೂ ತುದಿಗೆ ರತ್ನ ಮತ್ತು ಮೀನಾಕಾರಿ, ಬಾಯಿಗೆ ಯೆಮೆನಿನ ಕೆಂಪುಕಲ್ಲು, ತಂಬಾಕಿಗೆ ಬಂಗಾರದ ಬಟ್ಟಲು. ರತ್ನದ ಬೆರಗಿನ ನಡುವೆಯೂ ‘ಚೆನ್ನಾಗಿ ಒಣಗಿಸಿದ್ದು’ ಎಂದು ಬರೆಯಲು ಆತ ಮರೆಯಲಿಲ್ಲ. ಹಸಿ ಇದ್ದರೆ ನಳಿಕೆ ಸೀಳುತ್ತದೆ, ಒಳಗೆ ಬೂಸಲು ಹಿಡಿಯುತ್ತದೆ. ಮೂರು ಮೊಳದ ಉದ್ದಕ್ಕೂ ಕಾರಣವಿತ್ತು: ಹೊಗೆ ಬಾಯಿ ಮುಟ್ಟುವ ಹೊತ್ತಿಗೆ ತಣ್ಣಗಾಗಿ ನೀರನ್ನೂ ಜಿಗುಟನ್ನೂ ದಾರಿಯಲ್ಲೇ ಬಿಟ್ಟುಬರುತ್ತಿತ್ತು.

ಅಕ್ಬರ ಒಂದೆರಡು ದಮ್ಮು ಎಳೆದ. ವೈದ್ಯರು ತಡೆದರು. ದೊರೆಗೆ ಚಟ ಹತ್ತಲಿಲ್ಲ, ಅಮೀರರಿಗೆ ಹತ್ತಿತು. 1617ರಲ್ಲಿ ಜಹಾಂಗೀರ ನಿಷೇಧಿಸಿದರೂ ತಂಬಾಕು ನಿಲ್ಲಲಿಲ್ಲ.

ಶ್ರೀಮಂತರು ನೀರಿಗೆ ನೀರನ್ನೇ ಒಡ್ಡಿದರು. ಹುಕ್ಕಾದಲ್ಲಿ ಹೊಗೆ ನೀರಿನೊಳಗೆ ಹಾದು ಬರುತ್ತದೆ. ಆವಿ, ಜಿಗುಟು, ಬೂದಿಯಲ್ಲಿ ಒಂದಿಷ್ಟು ಅಲ್ಲೇ ಉಳಿಯುತ್ತದೆ. ಆ ನೀರು ನಿಲ್ಲುವ ಪಾತ್ರೆ ತುಕ್ಕು ಹಿಡಿಯಬಾರದು. ಬೀದರಿನ ಕಸಬುದಾರರು ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ದು, ಬೆಳ್ಳಿಯ ಬಳ್ಳಿ ಕೂರಿಸಿ, ಕೋಟೆಯ ಮಣ್ಣು ಮತ್ತು ನವಸಾಗರದಿಂದ ಕಪ್ಪು ಮಾಡಿದ ಬಿದರಿ ಹುಕ್ಕಾಗಳು ಇಂದು ದೇಶವಿದೇಶದ ವಸ್ತುಸಂಗ್ರಹಾಲಯಗಳಲ್ಲಿವೆ. ಟಿಪ್ಪುವಿನ ಕೈತಪ್ಪಿದ ಮೇಲೆ ನಮ್ಮ ಕೊಪ್ಪಳ ನಿಜಾಮರ ಪಾಲಾಗಿ 1948ರವರೆಗೂ ಹೈದರಾಬಾದಿನ ಆಳ್ವಿಕೆಯಲ್ಲಿತ್ತು. ಹುಕ್ಕಾ ಆ ಆಳ್ವಿಕೆಯ ದಿವಾನಖಾನೆಗಳ ವಸ್ತು. ಕುರಿಯ ಹಿಂದೆ ಹೋಗುವವನು ಅದನ್ನು ಹೊತ್ತು ತಿರುಗಲಾರ.

ಹೊಲದವರ ಉಪಾಯ ಬೇರೆ. ಅದು ಕುಂಬಾರನಿಂದಲೇ ಶುರುವಾಗುತ್ತದೆ. ನಮ್ಮೂರ ಕುಂಬಾರ ಕೆರೆಯ ಮಣ್ಣನ್ನು ತುಳಿದು ಹದಮಾಡಿ, ನುಣುಪಾದ ಕಡ್ಡಿಯ ಸುತ್ತ ಮಣ್ಣು ಕಟ್ಟಿ, ಕಡ್ಡಿ ಎಳೆದುಕೊಂಡು ಚಿಲುಮಿ ಮಾಡುತ್ತಿದ್ದ. ಅದನ್ನು ಬಿಸಿಲಿಗಿಡದೆ ನೆರಳಲ್ಲಿ ಆರಿಸುತ್ತಿದ್ದ. ಬಿಸಿಲಲ್ಲಿ ಹೊರಮೈ ಮೊದಲು ಒಣಗಿ ಒಳಗೆ ಹಸಿ ಉಳಿದರೆ ಆವಿಗೆಯಲ್ಲಿ ಆ ಹಸಿ ಆವಿಯಾಗಿ ಸಿಡಿಯುತ್ತದೆ. ಒಂದು ಸಿಡಿದರೆ ಪಕ್ಕದ ನಾಲ್ಕೂ ಹೋಗುತ್ತವೆ. ಮಳೆಗಾಲದಲ್ಲಿ ಆತ ಆವಿಗೆ ಹೂಡುತ್ತಲೇ ಇರಲಿಲ್ಲ. ಸುಟ್ಟ ಮೇಲೂ ಚಿಲುಮಿಯ ಮೈಯಲ್ಲಿ ಕಣ್ಣಿಗೆ ಕಾಣದ ಸಣ್ಣ ರಂಧ್ರಗಳು ಉಳಿಯುತ್ತವೆ. ಮೆರುಗು ಬಳಿಯದಿರುವುದೇ ಅದರ ಗುಣ. ಸೇದುವಾಗ ಹುಟ್ಟುವ ಹನಿಯನ್ನು ಆ ಮೈ ಹೀರಿಕೊಳ್ಳುತ್ತದೆ.

ಒಳಗೆ, ಕೊಳವೆ ಸಣ್ಣಗಾಗುವಲ್ಲಿ, ಅಜ್ಜ ಹಳ್ಳದಿಂದ ಆರಿಸಿ ತಂದ ಹರಳೊಂದನ್ನು ಇಳಿಬಿಡುತ್ತಿದ್ದ. ಅದು ತಂಬಾಕು ಜಾರದಂತೆ ತಡೆಯಬೇಕು, ಸುತ್ತಲೂ ಹೊಗೆಗೆ ಸಂದು ಬಿಡಬೇಕು. ಪೂರ್ತಿ ದುಂಡಗಿದ್ದರೆ ದಾರಿ ಮುಚ್ಚಿಕೊಳ್ಳುತ್ತದೆ. ತುಸು ಮೂಲೆ ಇರಬೇಕು. ಕೆಳತುದಿಗೆ ಹಸಿ ಅರಿವಿಯ ತುಂಡು ಸುತ್ತಿ, ಎರಡೂ ಕೈ ಬೊಗಸೆಮಾಡಿ, ಬೊಗಸೆಯ ಸಂದಿಗೆ ಬಾಯಿ ಹಚ್ಚಿ ಎಳೆಯುತ್ತಿದ್ದರು. ಬಿಸಿ ಹೊಗೆ ಒದ್ದೆ ಬಟ್ಟೆಯನ್ನು ಹಾಯ್ದು ತಣಿಯುತ್ತದೆ, ಕಹಿರಸ ಬಟ್ಟೆಗೆ ಹತ್ತುತ್ತದೆ. ಹುಕ್ಕಾದ ಪಾತ್ರೆ ಮಾಡುವ ಕೆಲಸವನ್ನು ಬೆರಳಗಲದ ಚಿಂದಿ ಮಾಡುತ್ತಿತ್ತು. ಇದನ್ನು ನಾನು ಬಡವರ ಅಗ್ಗದ ನಕಲು ಎನ್ನಲಾರೆ. ಒಂದು ತೊಂದರೆಯನ್ನು ಪೂರ್ತಿ ಅರಿತವರು ಕೈಗೆ ಸಿಕ್ಕ ಮೂರು ವಸ್ತುಗಳಿಂದ ಕಂಡುಕೊಂಡ ದಾರಿ ಅದು.

ಅರಿವಿಯ ನೀರಿಗೂ ಹದವಿತ್ತು. ನೀರು ಹೆಚ್ಚಾದರೆ ಹೊಗೆ ಬರದು, ಕಡಿಮೆಯಾದರೆ ಗಂಟಲು ಸುಡುತ್ತದೆ. ‘ತೋಯಿಸಿ ಹಿಂಡಬೇಕೋ ತಮ್ಮಾ, ಹನಿ ಬೀಳಬಾರ್ದು, ಕೈಗೆ ಮಾತ್ರ ತಂಪು ಹತ್ತಬೇಕು’ ಎಂದು ಅಜ್ಜ ನನಗೆ ಹೇಳುತ್ತಿದ್ದ. ಅರಿವಿ ತೋಯಿಸಿ ತಂದುಕೊಡುವುದು ಮೊಮ್ಮಕ್ಕಳ ಕೆಲಸವಾಗಿತ್ತು.

ಚಿಲುಮಿಗೆ ಬಾಯಿ ತಗಲಗೊಡದ ಈ ಬೊಗಸೆಯಿಂದಾಗಿ ಒಂದೇ ಚಿಲುಮಿ ಬೇವಿನಮರದ ಕೆಳಗೆ ಕೈಯಿಂದ ಕೈಗೆ ಸುತ್ತುತ್ತಿತ್ತು. ಆದರೆ ಎಲ್ಲರ ಕೈಗೂ ಅಲ್ಲ. ಅದೇ ಹೊಲದಲ್ಲಿ ಬೆವರು ಸುರಿಸುವ ಕೆಲವರಿಗೆ ತಂಬಾಕನ್ನು ಮೇಲಿನಿಂದ ಹಾಕುತ್ತಿದ್ದರು, ಚಿಲುಮಿ ಕೊಡುತ್ತಿರಲಿಲ್ಲ. ಅವರು ತಮ್ಮದೇ ಚಿಲುಮಿ ತಂದು ದೂರ ಕೂತು ಸೇದುತ್ತಿದ್ದರು. ಚಿಲುಮಿಯ ಸುತ್ತ ಕೂಡುತ್ತಿದ್ದ ಸ್ನೇಹವನ್ನು ನೆನೆಯುವವರು ಇದನ್ನೂ ಹೇಳಬೇಕು.

ಸೇದಿ ಸೇದಿ ಮಣ್ಣಿನ ರಂಧ್ರಗಳು ಮುಚ್ಚಿದಾಗ ಚಿಲುಮಿ ಇನ್ನು ಹೀರಲಾರದು. ಆಗ ಅದನ್ನು ಒಲೆಯ ಕೆಂಡದಲ್ಲಿ ಹೂಳುತ್ತಿದ್ದರು. ಜಿಗುಟೆಲ್ಲ ಉರಿದು ಮಣ್ಣು ಮತ್ತೆ ಕೆಂಪಾಗುತ್ತಿತ್ತು. ಮರದ ಪೈಪಿಗೆ ಈ ಭಾಗ್ಯವಿಲ್ಲ. ಯುರೋಪಿನಲ್ಲಿ 1850ರ ದಶಕದಿಂದ ಫ್ರಾನ್ಸಿನ ಸೇಂಟ್ ಕ್ಲೋಡ್ ಊರನ್ನು ಹೆಸರುವಾಸಿ ಮಾಡಿದ ಬ್ರಾಯರ್ ಪೈಪು, ಮೆಡಿಟರೇನಿಯನ್ ಸೀಮೆಯ ಒಂದು ಪೊದೆಯ ಬೇರುಗಂಟಿನದು. ಅಗೆದ ಗಂಟು ಬಿರಿಯದಂತೆ ಮೊದಲು ಅದನ್ನು ಹಸಿಯಾಗಿಯೇ ಕಾಪಾಡುತ್ತಾರೆ, ಕೊಯ್ದು ಗಂಟೆಗಟ್ಟಲೆ ಕುದಿಸಿ ರಸ ತೆಗೆಯುತ್ತಾರೆ, ಆಮೇಲೆ ತಿಂಗಳುಗಟ್ಟಲೆ ನಿಧಾನ ಒಣಗಿಸುತ್ತಾರೆ. ಹಸಿ ಮರದ ಮೇಲೆ ಬಣ್ಣ ನಿಲ್ಲದೆಂದು ಪೊಳ್ಕಿ ಮರವನ್ನು ಒಣಗಿಸಿಕೊಂಡು ಕೂರುವ ನಮ್ಮ ಕಿನ್ನಾಳದ ಚಿತ್ರಗಾರರಿಗೆ ಈ ತಾಳ್ಮೆ ಹೇಳಿಕೊಡಬೇಕಾದದ್ದಲ್ಲ. ಇಷ್ಟಾದರೂ ಬ್ರಾಯರ್ ಪೈಪನ್ನು ದಿನವಿಡೀ ಸೇದಿದರೆ ಹುಳಿವಾಸನೆ ಹಿಡಿಯುತ್ತದೆ. ಸೇದಿದ ಮೇಲೆ ಒಳಗನ್ನು ಒರೆಸಿ, ಒಂದೆರಡು ದಿನ ಬಿಡುವು ಕೊಟ್ಟು ಒಣಗಿಸಬೇಕು; ಅದಕ್ಕೇ ಅಲ್ಲಿನ ಶೋಕಿದಾರರು ನಾಲ್ಕೈದು ಪೈಪು ಇಟ್ಟುಕೊಳ್ಳುತ್ತಾರೆ. ಬೆಂಕಿಗೆ ಹಾಕಿದರೆ ಉಳಿಯುವುದು ಬೂದಿ.

ನಮ್ಮವರಿಗೆ ಮಳೆಗಾಲ ಕಷ್ಟದ್ದು. ಚಕಮಕಿ ಕಲ್ಲಿನ ಕಿಡಿ ಹಿಡಿಯಬೇಕಾದ ಅರಳೆ ತೇವವಾದರೆ ಎಷ್ಟು ಕುಟ್ಟಿದರೂ ಹೊತ್ತದು. ಅಜ್ಜ ಅದನ್ನು ಬಿದಿರಿನ ಕೊಳವೆಯಲ್ಲಿ ಬಿಗಿದು ಸೊಂಟದ ಚಂಚಿಯಲ್ಲಿ, ಕಂಬಳಿಯ ಮರೆಯಲ್ಲಿ ಇಟ್ಟುಕೊಳ್ಳುತ್ತಿದ್ದ. ಬೇಸಿಗೆಯಲ್ಲಿ ಇದಕ್ಕೆ ವಿರುದ್ಧ: ತಂಬಾಕಿನ ಎಲೆ ಪುಡಿಪುಡಿಯಾಗಿ ಹೊಗೆ ಖಾರವಾಗುತ್ತಿತ್ತು. ಆಗ ನೀರು ಚಿಮುಕಿಸಿ ಎಲೆಗೆ ತೇವ ಹಿಡಿಸಬೇಕು.

ಇಷ್ಟೆಲ್ಲ ಜಾಣ್ಮೆ ಅಜ್ಜನ ಎದೆಯನ್ನು ಕಾಯಲಿಲ್ಲ. ಒದ್ದೆ ಅರಿವಿ ಕಹಿಯನ್ನು ತಡೆಯಿತು, ವಿಷವನ್ನಲ್ಲ. ಹೊಗೆಯೊಳಗಿನ ಕಾರ್ಬನ್ ಮಾನಾಕ್ಸೈಡು ಬಟ್ಟೆಗೂ ನಿಲ್ಲದು, ಹುಕ್ಕಾದ ನೀರಿಗೂ ನಿಲ್ಲದು. ಹೊಗೆ ತಂಪಾದಷ್ಟೂ ಆಳಕ್ಕೆ ಎಳೆಯುವುದು ಸುಲಭ. ಕೊನೆಯ ವರ್ಷಗಳಲ್ಲಿ ಅವನಿಗೆ ಮಲಗಿದರೆ ಉಸಿರು ಸಿಗುತ್ತಿರಲಿಲ್ಲ; ಗೋಡೆಗೆ ಒರಗಿ ಕೂತೇ ರಾತ್ರಿ ಕಳೆಯುತ್ತಿದ್ದ.

ಚಿಲುಮಿಯನ್ನು ಓಡಿಸಿದ್ದು ಬೀಡಿ. 1953ರಲ್ಲಿ ತುಂಗಭದ್ರೆಯ ನೀರು ಬಿಟ್ಟ ಮೇಲೆ ಗಂಗಾವತಿ ಭತ್ತದ ಸೀಮೆಯಾಯಿತು, ಹೊಲದಲ್ಲಿ ಕೈಗೆ ಬಿಡುವು ಕಡಿಮೆಯಾಯಿತು. ಕೆಸರುಗದ್ದೆಯಲ್ಲಿ ನಿಂತವನಿಗೆ ಬೀಡಿ ಸಲೀಸು. ಕೆಂಡ ಬೇಡ, ಹರಳು ಬೇಡ, ಅರಿವಿ ಬೇಡ. ರಸ ಕೂಡುವ ಮೊದಲೇ ಮುಗಿದು ಎಸೆಯಲ್ಪಡುತ್ತದೆ. ತೇವದ ಕೆಲಸ ಮಾತ್ರ ತಪ್ಪಲಿಲ್ಲ, ಸೇದುವವನ ಕೈಯಿಂದ ಕಟ್ಟುವವಳ ಕೈಗೆ ದಾಟಿತು. ಒಣಗಿದ ಬೀಡಿ ಎಲೆ ಮಡಚಿದರೆ ಮುರಿಯುತ್ತದೆ. ಅದನ್ನು ನೀರಲ್ಲಿ ನೆನೆಸಿ, ಮೆತ್ತಗಾದ ಮೇಲೆ ಕತ್ತರಿಸಿ, ನಿಪ್ಪಾಣಿ ಸೀಮೆಯಲ್ಲಿ ಬೆಳೆಯುವಂಥ ತಂಬಾಕಿನ ಪುಡಿ ತುಂಬಿ, ಸುತ್ತಿ, ದಾರ ಬಿಗಿದು ಕೊಡುವವರು ಹೆಂಗಸರು. ಕಟ್ಟುಗಳು ಆಮೇಲೆ ಕಾರ್ಖಾನೆಯ ಭಟ್ಟಿಯಲ್ಲಿ ಒಣಗಿ ನಮ್ಮೂರ ಅಂಗಡಿಗೆ ಬರುತ್ತವೆ.