ಕೇಳಿಸುವ ಕಾಡು: ಎಚ್.ಡಿ. ಕೋಟೆ ಸೀಮೆಯ ಕಾದಂಬರಿಯೊಂದು ತೆರೆಗೆ ಬಂದ ಬಗೆ

ಕಾದಂಬರಿ ಸಿನಿಮಾ ಆದಾಗ ಮೂಲಕ್ಕೆ ನಿಷ್ಠವಾಗಿದೆಯೇ ಎಂಬ ಪ್ರಶ್ನೆಯಲ್ಲೇ ನಮ್ಮ ವಿಮರ್ಶೆ ಹೆಚ್ಚಾಗಿ ಸುತ್ತುತ್ತದೆ. ಕಥೆ ನಡೆಯುವ ಜಾಗಕ್ಕೆ ಏನಾಯಿತು ಎಂದು ಕೇಳುವುದು ಕಡಿಮೆ. ಶ್ರೀಕೃಷ್ಣ ಆಲನಹಳ್ಳಿಯವರ ‘ಕಾಡು’ ಕಾದಂಬರಿಯನ್ನೂ ಅದನ್ನು ಆಧರಿಸಿ ಗಿರೀಶ ಕಾರ್ನಾಡರು 1973ರಲ್ಲಿ ನಿರ್ದೇಶಿಸಿದ ಚಿತ್ರವನ್ನೂ ಈ ಪ್ರಶ್ನೆ ಇಟ್ಟುಕೊಂಡು ನೋಡಬೇಕು. ಅಲ್ಲಿ ಕಾಡಿನ ಬಲ ಇರುವುದು ಕಣ್ಣಿಗೆ ಬೀಳುವುದಕ್ಕಿಂತ ಹೆಚ್ಚಾಗಿ ಕಿವಿಗೆ ಬೀಳುವುದರಲ್ಲಿ ಎಂಬುದು ಈ ಲೇಖನದ ವಾದ.

ಆಲನಹಳ್ಳಿಯವರು ಹುಟ್ಟಿದ್ದು 1947ರಲ್ಲಿ, ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ‘ಕಾಡು’ ಪ್ರಕಟವಾದಾಗ ಅವರಿಗೆ ಇಪ್ಪತ್ತೈದರ ಆಸುಪಾಸು. ಆ ಸೀಮೆಯ ಕಾಡಿನ ಚರಿತ್ರೆ ಮಗ್ಗುಲು ಬದಲಿಸುತ್ತಿದ್ದ ಕಾಲವದು. ಕಾಕನಕೋಟೆಯಲ್ಲಿ ಕಾಡಾನೆಗಳನ್ನು ಹಿಡಿಯುವ ಕಡೆಯ ಖೆಡ್ಡಾ ನಡೆದದ್ದು 1971ರಲ್ಲಿ; ಪಕ್ಕದ ಬಂಡೀಪುರ ಹುಲಿ ಯೋಜನೆಗೆ ಸೇರಿದ್ದು 1973ರಲ್ಲಿ; ಕಬಿನಿ ಅಣೆಕಟ್ಟೆ ಪೂರ್ಣಗೊಂಡು ಹಿನ್ನೀರು ಹಳೆಯ ಕಾಡನ್ನು ನುಂಗಿದ್ದು 1974ರ ಹೊತ್ತಿಗೆ. ಸರ್ಕಾರದ ಕಡತಗಳಲ್ಲಿ ಕಾಡು ಯೋಜನೆಯ ವಿಷಯವಾಗುತ್ತಿದ್ದಾಗ, ಅಂಚಿನ ಊರುಗಳ ಭಯ ಭಕ್ತಿಗಳಲ್ಲಿ ಬದುಕಿದ್ದ ಇನ್ನೊಂದು ಕಾಡನ್ನು ಈ ಕಾದಂಬರಿ ಹಿಡಿದಿಟ್ಟಿತು.

ಕಥೆ ಬಿಚ್ಚಿಕೊಳ್ಳುವುದು ಕಿಟ್ಟಿ ಎಂಬ ಹುಡುಗನ ಕಣ್ಣೆದುರು. ಕೊಪ್ಪಲಿನ ಚಂದ್ರೇಗೌಡನಿಗೆ ಪಕ್ಕದ ಹೊಸೂರಿನ ಹೆಂಗಸಿನ ಸಂಗ. ಗಂಡನನ್ನು ಮರಳಿ ಪಡೆಯಲು ಹೆಂಡತಿ ಕಮಲಿ ಮಾಟದ ಮೊರೆ ಹೋಗುತ್ತಾಳೆ. ಮನೆಯೊಳಗಿನ ಈ ಬೇಗೆ ಎರಡು ಊರುಗಳ ಹೊಡೆದಾಟವಾಗಿ ಸ್ಫೋಟಿಸುತ್ತದೆ. ದೊಡ್ಡವರ ಕಾಮ, ಮತ್ಸರ, ಪಂತ ಯಾವುದೂ ಹುಡುಗನಿಗೆ ಪೂರ್ತಿ ತಿಳಿಯದು. ಅವನಿಗೆ ಗೊತ್ತಿರುವುದು ಕಾಡಿನಲ್ಲಿ ಒಂದು ಹಕ್ಕಿಯಿದೆ, ಅದು ಹೆಸರು ಹಿಡಿದು ಕೂಗುತ್ತದೆ, ಓಗೊಟ್ಟವರು ಉಳಿಯುವುದಿಲ್ಲ ಎಂಬ ಮಾತು. ಹಕ್ಕಿಯನ್ನು ತೋರಿಸಿದರೆ ಅದು ಬರೀ ಹಕ್ಕಿ. ಕೂಗನ್ನಷ್ಟೇ ಕೇಳಿಸಿದರೆ ಇಡೀ ಕಾಡೇ ಕರೆದಂತೆ. ಓದುಗ ಊಹಿಸಿಕೊಳ್ಳುವ ಆ ದನಿಯನ್ನು ಪ್ರೇಕ್ಷಕ ಹುಡುಗನ ಜೊತೆಗೇ ಕೇಳಿಸಿಕೊಳ್ಳಬೇಕಾಗುತ್ತದೆ. ಬರಹಕ್ಕಿಲ್ಲದ ಈ ಅನುಕೂಲ ಸಿನಿಮಾಕ್ಕಿದೆ.

ಇದನ್ನು ಸಾಧಿಸಿದ ತಂಡ ರಂಗಭೂಮಿಯ ಗರಡಿಯಿಂದ ಬಂದದ್ದು. ‘ಸಂಸ್ಕಾರ’ಕ್ಕೆ ಚಿತ್ರಕಥೆ ಬರೆದು, ‘ವಂಶವೃಕ್ಷ’ವನ್ನು ಬಿ.ವಿ. ಕಾರಂತರೊಡನೆ ನಿರ್ದೇಶಿಸಿದ್ದ ಕಾರ್ನಾಡರು ಒಬ್ಬರೇ ನಿರ್ದೇಶಿಸಿದ ಮೊದಲ ಕಥಾಚಿತ್ರವಿದು. ಸಂಗೀತ ಕಾರಂತರದು, ಕಪ್ಪು ಬಿಳುಪಿನ ಛಾಯಾಗ್ರಹಣ ಗೋವಿಂದ ನಿಹಲಾನಿಯವರದು. ಚಂದ್ರೇಗೌಡನಾಗಿ ಅಮರೀಶ್ ಪುರಿ ನಟಿಸಿದರು. ಚಿತ್ರಕ್ಕೆ ದ್ವಿತೀಯ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಕಮಲಿಯಾದ ನಂದಿನಿ ಭಕ್ತವತ್ಸಲ ಅತ್ಯುತ್ತಮ ನಟಿ, ಕಿಟ್ಟಿಯಾದ ಮಾಸ್ಟರ್ ಜಿ.ಎಸ್. ನಟರಾಜ್ ಅತ್ಯುತ್ತಮ ಬಾಲನಟ ಎನಿಸಿಕೊಂಡರು.

ತೋರಿಸದೆ ಕೇಳಿಸುವ ಈ ಬಗೆಗೆ ಹೊರಗೊಂದು ಹೋಲಿಕೆಯೂ ಸಿಗುತ್ತದೆ. ‘ಕಾಡು’ ಕಾದಂಬರಿ ಬಂದ 1972ರಲ್ಲೇ ರಷ್ಯಾದ ಸ್ಟ್ರುಗಾಟ್ಸ್ಕಿ ಸಹೋದರರ ವೈಜ್ಞಾನಿಕ ಕಾದಂಬರಿ ‘ರೋಡ್‌ಸೈಡ್ ಪಿಕ್ನಿಕ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಅನ್ಯಲೋಕದವರು ಬಂದು ಹೋದ ನಿಷಿದ್ಧ ವಲಯ ಅದರ ವಸ್ತು. ಆಂದ್ರೇ ತಾರ್ಕೋವ್‌ಸ್ಕಿ ಅದನ್ನು ಆಧರಿಸಿ 1979ರಲ್ಲಿ ‘ಸ್ಟಾಕರ್’ ತೆಗೆದಾಗ, ಕಾದಂಬರಿಯಲ್ಲಿದ್ದ ವಿಚಿತ್ರ ಸಾಮಗ್ರಿಗಳನ್ನೆಲ್ಲ ಬಹುಪಾಲು ಬಿಟ್ಟುಕೊಟ್ಟರು. ಉಳಿದದ್ದು ಹುಲ್ಲು, ನೀರು, ಪಾಳು ಕಟ್ಟಡ, ತೊಟ್ಟಿಕ್ಕುವ ಸದ್ದು. ಎರಡೂ ಚಿತ್ರಗಳ ನಡುವೆ ಸಂಬಂಧ ಹುಡುಕಬೇಕಿಲ್ಲ. ಆದರೆ ಕಾಲಿಡಬಾರದ ಜಾಗವನ್ನು ತೆರೆಗೆ ತರುವ ಸಮಸ್ಯೆ ಇಬ್ಬರು ನಿರ್ದೇಶಕರಿಗೂ ಒಂದೇ ಆಗಿತ್ತು. ಅಪಾಯವನ್ನು ತೋರಿಸದೆ ನಂಬಿಸುವ ದಾರಿಯನ್ನೇ ಇಬ್ಬರೂ ಹಿಡಿದರು.

ಇದೇ ಸೀಮೆಯ ಇನ್ನೊಂದು ಚಿತ್ರದ ಪಕ್ಕದಲ್ಲಿಟ್ಟರೆ ವ್ಯತ್ಯಾಸ ಸ್ಪಷ್ಟ. ಮಾಸ್ತಿಯವರ ನಾಟಕವನ್ನು ಆಧರಿಸಿ ಸಿ.ಆರ್. ಸಿಂಹ ನಿರ್ದೇಶಿಸಿದ ‘ಕಾಕನಕೋಟೆ’ಯಲ್ಲಿ (1977) ಕಾಡು ಕಾಚನೆಂಬ ನಾಯಕನಿಗೂ ಅವನ ಜನಕ್ಕೂ ಮನೆ. ಅಲ್ಲಿ ಹೆದರಿಕೆ ಬರುವುದು ನಾಡಿನ ಕಡೆಯಿಂದ. ‘ಕಾಡು’ ಚಿತ್ರದ್ದು ಬೇಸಾಯಗಾರರ ಊರಿನ ನೋಟ, ಕಾಡು ಅಲ್ಲಿ ಎಲ್ಲೆಯಾಚೆಯ ಲೋಕ. ಹಾಗಾಗಿ ಈ ಸೀಮೆಯ ಕಾಡು ನಮ್ಮ ಸಿನಿಮಾದಲ್ಲಿ ಒಂದೇ ಆಗಿಲ್ಲ. ಒಳಗಿದ್ದವರಿಗೂ ಅಂಚಿನಲ್ಲಿದ್ದವರಿಗೂ ಅದು ಬೇರೆ ಬೇರೆ.

ಅಂಚಿನ ಊರಿನ ಹಗೆ, ಮಾಟ, ಜಗಳಗಳನ್ನು ಸಮಾಜಶಾಸ್ತ್ರದ ಮಾತಿನಲ್ಲಿ ವಿವರಿಸಬಹುದು. ಚಿತ್ರವೂ ಅದಕ್ಕೆ ಎಡೆಕೊಡುತ್ತದೆ. ಕಿಟ್ಟಿಯ ಭಯಕ್ಕೆ ಮಾತ್ರ ಅದು ವಿವರಣೆ ಕೊಡಹೋಗುವುದಿಲ್ಲ. ನವ್ಯ ಕಾದಂಬರಿಯ ಒಳಮನಸ್ಸಿನ ಭಾಷೆಗೆ ಕನ್ನಡ ಹೊಸ ಅಲೆ ಕಂಡುಕೊಂಡ ಸಮರ್ಥ ಪರ್ಯಾಯಗಳಲ್ಲಿ ಈ ಸಂಯಮವೂ ಒಂದು.